ಸಂಕ್ರಾಂತಿಯ ಫಿಲ್ಮು

ಅಥವಾ ಆಗ ಅದು ಅಷ್ಟು ದೊಡ್ಡದಿರಲಿಲ್ಲವೇನೋ. ಪಕ್ಕೆಲುಬಿನ ನೆರಳೇ ಒಂದರ ಮೇಲೊಂದು ಬಿದ್ದು ಹಾಗೆ ಕಂಡಿರಬಹುದು. ಹಾಗೆ ಕಂಡಿತ್ತು ಎನ್ನಲಿಕ್ಕಾದರೂ ಖಾತ್ರಿ ಏನಿದೆ? ಐದು ತಿಂಗಳ ಹಿಂದಿನ ಮಾತು. ಹಬ್ಬದ ದಿನ, ಮಾಳಿಗೆಯ ಮೇಲೆ, ಬಿಸಿಲಿಗೆ ಹಿಡಿದು ನೋಡಿದ್ದು. ಆಚೆ ಗಾಳಿಪಟಗಳು ಬೇರೆ ಓಡಾಡುತ್ತಿದ್ದವು. ಯಾವುದೋ ಗಾಳಿಪಟದ ನೆರಳನ್ನೇ ಫಿಲ್ಮಿನೊಳಗಿನ ಕಲೆ ಎಂದು ಈಗ ನೆನಪು ಕಟ್ಟಿಕೊಂಡಿದ್ದರೂ ಇರಬಹುದು.

ಪ್ರಾಣೇಶ ಹೀಗೆ ತನಗೆ ತಾನೇ ವಕೀಲನಾಗಿ ಕೂತಿದ್ದ. ಎದುರಿಗೆ ಡಾಕ್ಟರು, ಅವರ ಹಿಂದೆ ಗೋಡೆಗೆ ದೀಪದ ಪೆಟ್ಟಿಗೆ, ಅದರ ಮೇಲೆ ಅವನ ಹೆಂಡತಿ ಸುಂದರಾಬಾಯಿಯ ಎದೆಯ ಎಕ್ಸ್‌ರೇ. ಬಲಗಡೆಯ ಶ್ವಾಸಕೋಶದಲ್ಲಿ ಸಣ್ಣ ನಿಂಬೆಕಾಯಿಯಷ್ಟು ಬಿಳುಪು. ಅದು ಕ್ಯಾನ್ಸರ್ ಎಂದು ಗೊತ್ತಾಗಿ ಹತ್ತು ದಿನವಾಗಿತ್ತು. ಇವತ್ತು ಡಾಕ್ಟರು ಕೇಳಿದ್ದು ಇಷ್ಟೇ: ಇದಕ್ಕಿಂತ ಮುಂಚೆ ತೆಗೆಸಿದ ಎಕ್ಸ್‌ರೇ ಏನಾದರೂ ಇದೆಯೇ?

ಇಲ್ಲ ಎನ್ನಲು ಅವನು ಬಾಯಿ ತೆರೆಯುವಷ್ಟರಲ್ಲಿ ಸುಂದರಾಬಾಯಿಯೇ ಉತ್ತರ ಕೊಟ್ಟಳು. ಇಪ್ಪತ್ತೆರಡು ವರ್ಷ ಮೆಹದಿಪಟ್ಟಣಂನ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಚೌಕಾಸಿ ಮಾಡಿ ಕಲಿತ ತೆಲುಗು ಅವಳದು. ಯಾರ ಮುಂದೆಯೂ ತಡವರಿಸುತ್ತಿರಲಿಲ್ಲ. ಸಂಕ್ರಾಂತಿಗೆ ಒಂದು ತೆಗೆಸಿದ್ದೆವು, ಇವರೇ ನೋಡಿದರು, ಆಗ ಏನೂ ಇರಲಿಲ್ಲ ಎಂದಳು.

"ಇವರು ಡಾಕ್ಟರಾ?" ಎಂದರು ಡಾಕ್ಟರು.

ಅಲ್ಲ, ಆದರೆ ಕಾರ್ಖಾನೆಯಲ್ಲಿ ಇವರಿಗೆ ಅದೇ ಕೆಲಸ, ಕಬ್ಬಿಣದ ಕೊಳವೆಗಳ ಎಕ್ಸ್‌ರೇ ನೋಡುವುದು ಎಂದು ಹೇಳಿ, ಕೊನೆಗೆ ತೆಲುಗು ಸಾಲದೆ ಕನ್ನಡದಲ್ಲೇ ಗಂಡನ ಕಡೆ ತಿರುಗಿ, "ಕಬ್ಬಿಣದಾಗಿಂದೇ ಕಾಣ್ತದ ಅಂದಮ್ಯಾಲೆ ನನ್ನ ಎದಿ ಏನು ಮಹಾ? ಹೇಳ್ರಿ ಅವರಿಗೆ," ಎಂದು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಡಾಕ್ಟರು ಕಾದರು.

ಆಮೇಲೆ ಪ್ರಾಣೇಶನಿಗೆ, ಅವಳಿಗೆ ತಿಳಿಯದ ಇಂಗ್ಲಿಷಿನಲ್ಲಿ, ಬಿಡಿಸಿ ಹೇಳಿದರು. ಹಳೆಯ ಫಿಲ್ಮು ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಆಗಲೂ ಇತ್ತೆ, ಇದ್ದರೆ ಎಷ್ಟಿತ್ತು, ಎಷ್ಟು ಬೇಗ ಬೆಳೆದಿದೆ. ಬೇಗ ಬೆಳೆಯುವಂಥದಾದರೆ ಕತ್ತರಿ ಹಾಕಿ ಆಕೆಯನ್ನು ನೋಯಿಸುವುದರಲ್ಲಿ ಅರ್ಥವಿಲ್ಲ. ನಿಧಾನದ್ದಾದರೆ ಕತ್ತರಿಸಿ ತೆಗೆಯುವುದೇ ಸರಿ. ಕೊನೆಗೆ ತೆಲುಗಿಗೆ ಹೊರಳಿದರು: "ಒಂದು ವಾರದೊಳಗೆ ಹುಡುಕಿ ತನ್ನಿ. ಅದನ್ನು ನೋಡಿ ತೀರ್ಮಾನ ಮಾಡೋಣ."

"ತರ್ತಾರ, ತರ್ತಾರ," ಎಂದಳು ಸುಂದರಾಬಾಯಿ. "ಇವರು ಒಂದು ಕಾಗದದ ಚೂರು ಒಗೆಯೋರಲ್ಲ."

ಖರೆ. ಪ್ರಾಣೇಶ ಏನನ್ನೂ ಬಿಸಾಡುವವನಲ್ಲ. ಫಿಲ್ಮು ಎಲ್ಲಿದೆ ಎಂಬುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಪಟಾನ್‌ಚೆರು ದಾರಿಯ ಸರಕಾರಿ ಕಾರ್ಖಾನೆಯಲ್ಲಿ ಅವನು ಸೇರಿ ಇಪ್ಪತ್ತು ವರ್ಷದ ಮೇಲಾಗಿತ್ತು. ಬಾಯ್ಲರಿನ ಕೊಳವೆಗಳನ್ನು ಬೆಸೆದ ಕಡೆಯೆಲ್ಲ ಎಕ್ಸ್‌ರೇ ಹಿಡಿಯುತ್ತಾರೆ. ಆ ಫಿಲ್ಮುಗಳನ್ನು ಕತ್ತಲೆ ಕೋಣೆಯಲ್ಲಿ ಕೂತು ಓದುವುದು ಅವನ ಕೆಲಸ. ಬೆಸುಗೆ ಗಟ್ಟಿಯಾಗಿದ್ದಲ್ಲಿ ಫಿಲ್ಮು ಬೆಳ್ಳಗೆ ಕಾಣುತ್ತದೆ. ಒಳಗೆ ಗಾಳಿಗುಳ್ಳೆಯಿದ್ದರೆ ಕಪ್ಪು ಚುಕ್ಕೆ, ಬಿರುಕಿದ್ದರೆ ಕೂದಲೆಳೆಯಂಥ ಕಪ್ಪು ಗೆರೆ. ಇಪ್ಪತ್ತು ವರ್ಷ ಅವನು ಹುಡುಕಿದ್ದು ಕಪ್ಪನ್ನು. ಬಿಳಿ ಕಂಡಲ್ಲಿ ಕಣ್ಣು ನಿಲ್ಲದೆ ಮುಂದೆ ಜಾರುವುದು ಅವನಿಗೆ ಉಸಿರಾಡಿದಷ್ಟು ಸಲೀಸಾಗಿತ್ತು.

ಆ ವರ್ಷ ಸಂಕ್ರಾಂತಿಗೆ ಎಂದಿನಂತೆ ಸುಂದರಾಬಾಯಿ ಕುಸುರೆಳ್ಳು ಮಾಡಿದ್ದಳು. ಇದ್ದಿಲ ಒಲೆಯ ಮೇಲೆ ಅಗಲವಾದ ಪರಾತವಿಟ್ಟು, ಎಳ್ಳಿಗೆ ಹನಿಹನಿ ಸಕ್ಕರೆ ಪಾಕ ಬಿಟ್ಟು, ಬೆರಳಿನಿಂದ ತಿರುವುತ್ತ ಮೂರು ದಿನ ಕೂರುವ ಕೆಲಸ. ಕೆಮ್ಮು ಆಗ ಶುರುವಾದದ್ದು. ಇದ್ದಿಲ ಹೊಗೆಯದು ಎಂದುಕೊಂಡರು. ಆದರೂ ಒಂದು ಎಕ್ಸ್‌ರೇ ಇರಲಿ ಎಂದು ಹಬ್ಬದ ಹಿಂದಿನ ದಿನ ಬಸ್‌ಸ್ಟಾಂಡಿನ ಹತ್ತಿರದ ಲ್ಯಾಬಿನಲ್ಲಿ ತೆಗೆಸಿದರು. ಫಿಲ್ಮು ಅಂದೇ ಕೈಗೆ ಬಂತು. ವರದಿ ಹಬ್ಬ ಕಳೆದ ಮೇಲೆ ಬಂದು ಒಯ್ಯಿರಿ ಎಂದರು. ಮರುದಿನ ಮಾಳಿಗೆಯಲ್ಲಿ ಸುಂದರಾಬಾಯಿಯೇ ಲಕೋಟೆ ತಂದು ಕೊಟ್ಟಳು: "ನೋಡ್ರಿ, ಪಾಸೋ ಫೇಲೋ?"

ಅವನು ಆಕಾಶಕ್ಕೆ ಹಿಡಿದು ನೋಡಿದ. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ಕಾರ್ಖಾನೆಯ ಶಿಸ್ತಿನಲ್ಲಿ. ಗುಳ್ಳೆಯಿಲ್ಲ, ಬಿರುಕಿಲ್ಲ. ಬಲಗಡೆ ಒಂದು ಕಡೆ ದಟ್ಟ ಬಿಳುಪು. ತುಂಬಿದೆ, ಗಟ್ಟಿ ಇದೆ ಎಂದುಕೊಂಡ. ಎದೆಯೆಂದರೆ ಗಾಳಿಯ ಚೀಲ, ಗಾಳಿ ಇರಬೇಕಾದ ಕಡೆ ತುಂಬಿಕೊಂಡದ್ದೇ ದೋಷ ಎಂಬಷ್ಟು ಸರಳ ಮಾತು ಅವನಿಗೆ ಹೊಳೆಯಲಿಲ್ಲ. "ಪಾಸ್," ಎಂದ. ಅವಳು ಅವನ ಕೈಗೆ ಕುಸುರೆಳ್ಳು ಹಾಕಿದಳು. ವರದಿ ತರಲು ಯಾರೂ ಹೋಗಲಿಲ್ಲ. ಮೇ ತಿಂಗಳು ಮುಗಿಯುವ ಹೊತ್ತಿಗೆ ಕಫದಲ್ಲಿ ರಕ್ತ ಬಂತು.

ಬಿಳಿಯೇ ರೋಗ ಎಂದು ಅವನಿಗೆ ತಿಳಿದದ್ದು ಹತ್ತು ದಿನದ ಹಿಂದೆ, ಡಾಕ್ಟರ ಪೆನ್ನು ಹೊಸ ಫಿಲ್ಮಿನ ಬಿಳುಪಿನ ಸುತ್ತ ಒಂದು ಸುತ್ತು ಬಂದಾಗ. ಆಗ ಅವನಿಗೆ ದುಃಖವೂ ಆಗಲಿಲ್ಲ, ಹೆದರಿಕೆಯೂ ಆಗಲಿಲ್ಲ. ಕಾಲು ಜೋಮು ಹಿಡಿದರೆ ನಮ್ಮ ಕಾಲನ್ನು ನಾವೇ ಮುಟ್ಟಿ ನೋಡುತ್ತೇವಲ್ಲ, ಹಾಗೆ ಮನಸ್ಸನ್ನು ಮುಟ್ಟಿ ನೋಡಿಕೊಂಡ. ಯಾರದೋ ಮನಸ್ಸಿನಂತಿತ್ತು. ಮರುದಿನ ಕಪಾಟಿನ ಹಿಂದೆ ಇಟ್ಟಿದ್ದ ಸಂಕ್ರಾಂತಿಯ ಫಿಲ್ಮಿನ ಲಕೋಟೆ ತೆಗೆದು ಊಟದ ಚೀಲದಲ್ಲಿಟ್ಟು, ಕಾರ್ಖಾನೆಗೆ ಒಯ್ದು ತನ್ನ ಲಾಕರಿನಲ್ಲಿ ಹಾಕಿ ಬೀಗ ಹಾಕಿದ.

ಮನೆಗೆ ಬಂದುಹೋಗುವವರು ಹೆಚ್ಚಿದರು. ಗುಲಬರ್ಗಾದಲ್ಲಿ ಕೊಟ್ಟ ಮಗಳು ನಲಿನಿ ಬಂದು ಎಂಟು ದಿನವಿದ್ದು, ಮಗುವಿನ ಶಾಲೆ ಶುರುವಾಯಿತೆಂದು ಹೋದಳು. ಕಾಲೊನಿಯ ಹೆಂಗಸರು ಮಂತ್ರಾಕ್ಷತೆ, ನಿಂಬೆಹಣ್ಣು, ಮುಖದ ತುಂಬ ಮರುಕ ತಂದರು. ಸುಂದರಾಬಾಯಿ ಬಾಗಿಲಲ್ಲೇ ಹೇಳುತ್ತಿದ್ದಳು: "ಚಪ್ಪಲ್ ಜೋಡಿ ಅಳೂನೂ ಹೊರಗೇ ಬಿಟ್ಟು ಬರ್ರಿ. ಒಳಗ ಜಾಗ ಇಲ್ಲ."

ಅವಳ ಧೈರ್ಯಕ್ಕೆ ಒಂದು ತರ್ಕವಿತ್ತು. ಬಂದವರಿಗೆಲ್ಲ ಅದನ್ನು ಒಪ್ಪಿಸುತ್ತಿದ್ದಳು. "ಸಂಕ್ರಾಂತಿಗೆ ಇವರೇ ನೋಡ್ಯಾರ. ಆಗ ಇದರ ಸುಳಿವಿರಲಿಲ್ಲ. ಅಂದ್ರ ಇದು ಹೊಸಾದು, ಎಳೇದು. ಎಳೇ ಕಸ ಕಿತ್ತರ ಬೇರ್ಸಹಿತ ಬರ್ತದೋ ಇಲ್ಲೋ? ಬಲಿತಿದ್ರ ಫಿಕರ್ ಮಾಡಬೇಕಾಗಿತ್ತು."

ಪಕ್ಕದ ಮನೆಯ ತುಳಸಾಬಾಯಿ ಹಿರಿಯಳು, ನಾಲಿಗೆಗೆ ಬೇಲಿಯಿಲ್ಲದವಳು. "ಆ ಕಿರಣದೊಳಗ ದಿನಾ ಇರೋನು ಪ್ರಾಣೇಶ. ಅವಗ ಬರೋದು ನಿನಗ್ಯಾಕ ಬಂತವಾ?" ಎಂದಳು, ಪ್ರಾಣೇಶ ಅಲ್ಲೇ ಪೇಪರು ಹಿಡಿದು ಕೂತಿದ್ದಾಗಲೇ.

"ಅವರಿಗೆ ಬಂದಿದ್ರ ಅಡಗಿ ನೀವು ಮಾಡಿ ಹಾಕ್ತಿದ್ರೇನು?" ಎಂದಳು ಸುಂದರಾಬಾಯಿ. "ನನಗ ಬಂದದ್ದೇ ಚೊಲೊ ಆತು. ನೋಡಲಿಕ್ಕೆ ಮನ್ಯಾಗ ಕಣ್ಣಿದ್ದೋರು ಇದ್ದಾರ."

ಪ್ರಾಣೇಶ ಪೇಪರಿನ ಪುಟ ತಿರುವಿದ. ಎದ್ದು ಹೋಗಬೇಕು ಅನಿಸಲಿಲ್ಲ, ಕೂರಬೇಕು ಅಂತಲೂ ಅನಿಸಲಿಲ್ಲ.

ಫಿಲ್ಮು ಸಿಕ್ಕಿತೇ ಎಂದು ಅವಳು ದಿನಾ ಕೇಳುವಳು. "ಎಲ್ಲೋ ಇಟ್ಟೀನಿ, ಹುಡುಕ್ತೀನಿ," ಎನ್ನುವನು. ಹೀಗೇ ನಾಲ್ಕು ದಿನ ಹೋಯಿತು. ಐದನೆಯ ದಿನ ಕಂಪನಿ ಬಸ್ಸಿಳಿದು ಮನೆಗೆ ಬಂದಾಗ ನಡುಮನೆಯ ತುಂಬ ಟ್ರಂಕಿನ ಸಾಮಾನು ಹರಡಿತ್ತು: ಹಳೆಯ ಪಂಚಾಂಗಗಳು, ನಲಿನಿಯ ಶಾಲೆಯ ಅಂಕಪಟ್ಟಿ, ಮದುವೆಯ ಲಗ್ನಪತ್ರಿಕೆ. ಸುಂದರಾಬಾಯಿ ಸ್ಟೂಲಿನ ಮೇಲೆ ನಿಂತು, ಅಟ್ಟದೊಳಗೆ ತಲೆ ಹಾಕಿ ಹುಡುಕುತ್ತಿದ್ದಳು. ಕೆಮ್ಮು ಬಂದಾಗ ಅಟ್ಟದ ಅಂಚು ಹಿಡಿದುಕೊಳ್ಳುವಳು. ನಿಂತ ಮೇಲೆ ಮತ್ತೆ ಕೈ ಹಾಕುವಳು. ಸೆರಗಿನ ತುಂಬ ಧೂಳು.

"ಇಳಿ," ಎಂದ.

"ಇಲ್ಲೆಲ್ಲ ನೋಡಿದೆ. ದೇವರ ಪೆಟ್ಟಿಗಿ ಒಂದು ಉಳದದ. ಅದು ಸಿಕ್ತಂದ್ರ ಡಾಕ್ಟರು ಒಂದು ನಿಮಿಷದಾಗ ಹೇಳ್ತಾರ, ಇದು ಹೊಸಾದು ಅಂತ. ನೀವು ನೋಡೀರಿ ಅಂದದ್ದು ಅವರಿಗೆ ಖರೆ ಅನಸಲಿಲ್ಲ ನೋಡ್ರಿ, ಇವರು ಡಾಕ್ಟರಾ ಅಂದ್ರು. ನನಗದು ಸರಿ ಬರಲಿಲ್ಲ."

"ಇಳಿ, ಸುಂದರಾ. ಕಾರ್ಖಾನ್ಯಾಗ ಅದ. ನೆನಪಾತು."

ಅವಳು ಇಳಿದಳು. ಬೈಯಲಿಲ್ಲ. "ಐದು ದಿನದಿಂದ ನನ್ನ ಕಡೆ ಮನಿ ಸಾರಿಸ್ಲಿಕ್ಕ ಹಚ್ಚೀರಿ," ಎಂದು ನಗುತ್ತ ಪಂಚಾಂಗಗಳನ್ನು ಮತ್ತೆ ಟ್ರಂಕಿಗೆ ತುಂಬತೊಡಗಿದಳು. ಅವನು ಕೂತು ಒಂದೊಂದಾಗಿ ಎತ್ತಿ ಕೊಟ್ಟ.

ಕಾರ್ಖಾನೆಯ ಕತ್ತಲೆ ಕೋಣೆಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಫಿಲ್ಮನ್ನೂ ಇಬ್ಬರು ಓದಬೇಕು. ಮೊದಲನೆಯವನು ತನ್ನ ತೀರ್ಪನ್ನು ಒಂದು ಚೀಟಿಯ ಮೇಲೆ ಬರೆದು ಬೋರಲು ಹಾಕುತ್ತಾನೆ. ಎರಡನೆಯವನು ಅದನ್ನು ನೋಡದೆ ತನ್ನ ಚೀಟಿ ಬರೆಯುತ್ತಾನೆ. ಆಮೇಲೆ ಎರಡನ್ನೂ ತಿರುವಿ ತಾಳೆ ನೋಡುವುದು. ಒಬ್ಬರ ಕಣ್ಣು ಇನ್ನೊಬ್ಬರ ಕಣ್ಣನ್ನು ಕೆಡಿಸಬಾರದೆಂದು ಈ ಏರ್ಪಾಡು. ಪ್ರಾಣೇಶನ ಜೊತೆ ಓದುವವನು ಶಿವಾನಂದ, ಬೀದರ ಕಡೆಯವನು, ಹತ್ತು ವರ್ಷದಿಂದ ಪಕ್ಕದ ಸ್ಟೂಲಿನಲ್ಲಿ ಕೂತವನು.

ಮರುದಿನ ಊಟದ ಹೊತ್ತಿನಲ್ಲಿ ಪ್ರಾಣೇಶ ಲಾಕರು ತೆರೆದ. ಹೆಸರು, ತಾರೀಖು ಇದ್ದ ಮೂಲೆಗೆ ಕಪ್ಪು ಟೇಪು ಅಂಟಿಸಿದ. ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಪಕ್ಕದಲ್ಲಿ ಒಂದು ಚೀಟಿ ಬೋರಲು ಹಾಕಿ, "ಓದು," ಎಂದ.

ಶಿವಾನಂದ ಹುರಿದ ಶೇಂಗಾ ತಿನ್ನುತ್ತಿದ್ದ. "ಇದ್ಯಾರ ಎದಿ ಸರ್? ದವಾಖಾನಿ ಕೆಲಸಾನೂ ಹಿಡದ್ರೇನು, ಓವರ್‌ಟೈಮ್ ಸಿಗತೈತೆ?"

"ಯಾರದಾದ್ರೂ ಇರ್ಲಿ. ಓದು."

ಶಿವಾನಂದ ಕೈ ಒರೆಸಿಕೊಂಡ. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ. ಶಿಸ್ತು ಅದೇ. "ಗುಳ್ಳಿ ಇಲ್ಲ. ಬಿರುಕಿಲ್ಲ," ಎನ್ನುತ್ತ ಹೋದ. ಆಮೇಲೆ ಬಲಗಡೆಯ ಬಿಳುಪಿನ ಮೇಲೆ ಸರಿಯಾಗಿ ಬೆರಳಿಟ್ಟ. "ಇಲ್ಲಂತೂ ಭಾಳ ಚೊಲೊ ತುಂಬೈತಿ. ಪಾಸ್." ತನ್ನ ಚೀಟಿಯಲ್ಲಿ ಹಾಗೇ ಬರೆದು ಸಹಿ ಮಾಡಿ, ಪ್ರಾಣೇಶನ ಚೀಟಿ ತಿರುವಿದ. "ನಿಮ್ಮದು ಖಾಲಿ ಐತಲ್ರಿ ಸರ್."

ಶಿವಾನಂದ ಫಿಲ್ಮನ್ನೂ ಪ್ರಾಣೇಶನ ಮುಖವನ್ನೂ ನೋಡಿದ. ಶೇಂಗಾದ ಪೊಟ್ಟಣ ಕೆಳಗಿಟ್ಟ.

"ನಿಮ್ಮ ಮನಿ ವೈನಿಯವರದೇನ್ರಿ?"

"ಹೂಂ. ಸಂಕ್ರಾಂತಿದು."

"ಹಂಗಂದ್ರ ಸಂಕ್ರಾಂತಿಗೆ ಚೊಲೊನ ಇದ್ರು, ಬಿಡ್ರಿ." ಅವನ ದನಿಯಲ್ಲಿ ನಿಜವಾದ ಸಮಾಧಾನವಿತ್ತು. "ಪರೇಶಾನ್ ಆಗಬ್ಯಾಡ್ರಿ ಸರ್. ಹೊಸಾ ರೋಗ. ಜಲ್ದಿ ಹೋಗತೈತಿ."

ಇಡೀ ಕಾರ್ಖಾನೆಯಲ್ಲಿ ಯಾರ ಮುಂದೆ ಇಟ್ಟಿದ್ದರೂ ಇದೇ ತೀರ್ಪು ಬರುತ್ತಿತ್ತು. ಇದರಿಂದ ತನಗೆ ಹಗುರವಾಗಬೇಕಾಗಿತ್ತು ಎಂದು ಪ್ರಾಣೇಶನಿಗೆ ಗೊತ್ತಿತ್ತು. ಹಗುರವಾಗುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದ. ಆಮೇಲೆ ಟೇಪು ಕಿತ್ತು, ಫಿಲ್ಮನ್ನು ಲಕೋಟೆಗೆ ಹಾಕಿ, ಅರ್ಧ ದಿನದ ರಜೆ ಚೀಟಿ ಬರೆದು ಕೊಟ್ಟು, ಬಸ್ಸು ಹಿಡಿದ.

ಡಾಕ್ಟರು ಎರಡೂ ಫಿಲ್ಮುಗಳನ್ನು ಪಕ್ಕಪಕ್ಕ ಸಿಕ್ಕಿಸಿದರು. ಪಕ್ಕೆಲುಬು ಅದೇ, ಬಿಳುಪಿನ ಜಾಗವೂ ಅದೇ. ಅದು ನೆರಳಾಗಿರಲಿಲ್ಲ, ಗಾಳಿಪಟವೂ ಆಗಿರಲಿಲ್ಲ. ಸ್ಕೇಲು ಇಟ್ಟು ಅಳೆದರು. ಸಂಕ್ರಾಂತಿಗೆ ಮೂರು ಸೆಂಟಿಮೀಟರು, ಈಗ ಮೂರೂವರೆ.

"ನಿಧಾನದ್ದು. ಒಳ್ಳೆಯದಾಯಿತು. ಕತ್ತರಿಸಿ ತೆಗೆಯೋಣ," ಎಂದರು. ನಿಜಕ್ಕೂ ಸಂತೋಷಪಟ್ಟಿದ್ದರು. ಮೇಜಿನ ಮೇಲಿನ ಡೈರಿ ತೆರೆದು ತಾರೀಖು ನೋಡತೊಡಗಿದರು.

"ಆಗಲೇ ಬಂದಿದ್ದರೆ?" ಎಂದು ಪ್ರಾಣೇಶ ತೆಲುಗಿನಲ್ಲಿ ಕೇಳಿದ. ಪರಭಾಷೆಯಲ್ಲಿ ಕೇಳಿದ್ದಕ್ಕೋ ಏನೋ, ಬೇರೆ ಯಾರೋ ಕೇಳಿದಂತಿತ್ತು.

ಡಾಕ್ಟರು ಡೈರಿಯಿಂದ ತಲೆ ಎತ್ತಲಿಲ್ಲ. ಆಗ ಇಷ್ಟಕ್ಕೇ ಇತ್ತು, ಈಗ ಪಕ್ಕದ ಗಂಟುಗಳಿಗೂ ಹಬ್ಬಿದ ಹಾಗಿದೆ, ಆಗಲೇ ತೆಗೆದಿದ್ದರೆ ಹೆಚ್ಚು ವರ್ಷಗಳ ಮಾತಾಡಬಹುದಿತ್ತು ಎಂದರು. ಆಮೇಲೆ ಏನೋ ಹೊಳೆದಂತೆ ಅವನ ಕಡೆ ನೋಡಿದರು. "ವರದಿ ತರಲಿಲ್ಲವೇ?"

"ತರಲಿಲ್ಲ."

ಡಾಕ್ಟರು ಫಿಲ್ಮನ್ನು ಲಕೋಟೆಗೆ ಸೇರಿಸುತ್ತ, "ಅಮ್ಮನವರು ಗಟ್ಟಿ ಮನಸ್ಸಿನವರು. ಆಪರೇಷನ್ ಮುಗಿಯುವವರೆಗೆ ಆ ಮನಸ್ಸು ಕೆಡದಂತೆ ನೋಡಿಕೊಳ್ಳಿ. ಇದನ್ನೆಲ್ಲ ಈಗ ಹೇಳಬೇಡಿ," ಎಂದರು.

ಈಗ ಬೇಡ ಎಂದರು. ಎಂದಿಗೂ ಬೇಡ ಎನ್ನಲಿಲ್ಲ. ಮೆಹದಿಪಟ್ಟಣಂ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಪ್ರಾಣೇಶ ಆ ಒಂದು ಮಾತನ್ನೇ ತಿರುವಿ ಹಾಕಿದ. ಕಂಡಕ್ಟರು ಎರಡು ಸಲ ಟಿಕೆಟು ಕೇಳಬೇಕಾಯಿತು.

ಮನೆಯಲ್ಲಿ ತುಳಸಾಬಾಯಿ ಕೂತಿದ್ದಳು. ಸುಂದರಾಬಾಯಿ ಹೊಸ್ತಿಲಿಗೇ ಬಂದಳು. "ಏನಂದ್ರು ರೀ?"

"ಆಪರೇಷನ್ ಮಾಡ್ತಾರಂತ. ಬರೋ ಬುಧವಾರ."

"ಅದಲ್ಲ. ಫಿಲ್ಮ್ ನೋಡಿ ಏನಂದ್ರು? ಆಗ ಇರಲಿಲ್ಲ ಅಂದ್ರು, ಹೌದಿಲ್ರಿ?"

ಚಪ್ಪಲಿ ಬಿಡಲು ಬಗ್ಗಿದ್ದ. ಬಗ್ಗಿದ್ದಲ್ಲೇ, "ಹೂಂ," ಎಂದ.

"ಕೇಳಿದ್ರ್ಯಾ, ತುಳಸಾಬಾಯಿ? ನಾ ಏನಂದಿದ್ದೆ?" ಸುಂದರಾಬಾಯಿ ಒಳಗೆ ತಿರುಗಿದಳು. "ಡಾಕ್ಟರೂ ಒಪ್ಪಿದ್ರು. ಇವರ ಕಣ್ಣಂದ್ರ ಕಣ್ಣು!"

"ಹಂಗಾದ್ರ ಚಹಾ ಹಾಕವಾ," ಎಂದಳು ತುಳಸಾಬಾಯಿ. "ಬರೇ ಬಾಯಿಲೇ ಸುದ್ದಿ ಕೇಳಬಾರದು."

ಬುಧವಾರ ಬೆಳಿಗ್ಗೆ ಆಸ್ಪತ್ರೆಯವರು ಅವಳ ಬಳೆ, ಮೂಗುತಿ ಬಿಚ್ಚಿಸಿ ಒಂದು ಕರವಸ್ತ್ರದಲ್ಲಿ ಕಟ್ಟಿ ಅವನ ಕೈಗೆ ಕೊಟ್ಟರು. ಮಂಗಳಸೂತ್ರ ಬಿಚ್ಚಲು ಅವಳು ಒಪ್ಪಲಿಲ್ಲ. ನರ್ಸು ಅದನ್ನು ಬ್ಯಾಂಡೇಜಿನ ಪಟ್ಟಿಯಿಂದ ಅವಳ ಮುಂಗೈಗೆ ಕಟ್ಟಿದಳು. ಗಾಲಿಮಂಚದ ಮೇಲೆ ಮಲಗಿದವಳು ಚಾವಣಿಯ ಕೊಳವೆಗಳನ್ನು ನೋಡುತ್ತ, "ಇವು ನಿಮ್ಮ ಕೈಯಾಗ ಪಾಸಾಗಿದ್ದಾವೇನು? ಮ್ಯಾಲೆ ಬೀಳಂಗಿಲ್ಲಲ್ಲ?" ಎಂದಳು. ನರ್ಸಿಗೆ ಕನ್ನಡ ಬರುತ್ತಿರಲಿಲ್ಲವಾದರೂ ನಕ್ಕಳು. ಆಪರೇಷನ್ ಕೋಣೆಯ ಬಾಗಿಲ ಹತ್ತಿರ ಮಂಚ ನಿಂತಾಗ ಸುಂದರಾಬಾಯಿ ಗಂಡನ ಬೆರಳು ಹಿಡಿದು ಸಣ್ಣ ದನಿಯಲ್ಲಿ ಅಂದಳು: "ನನಗೇನು ಅಂಜಿಕಿಲ್ಲ. ನೀವು ನೋಡೀರಿ ಅಂತ ಅಂಜಿಕಿಲ್ಲ."

ಬಾಗಿಲು ಮುಚ್ಚಿತು. ನಾಲ್ಕು ತಾಸು ಅವನು ಬೆಂಚಿನ ಮೇಲೆ ಕೂತಿದ್ದ. ಮಡಿಲಲ್ಲಿ ಕರವಸ್ತ್ರದ ಗಂಟು. ಎದುರಿನ ಗೋಡೆಗೆ ಹೊಸದಾಗಿ ಸುಣ್ಣ ಹೊಡೆದಿದ್ದರು. ಅದರಲ್ಲಿ ಒಂದು ಬಿರುಕಿತ್ತು. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ಅದನ್ನು ಓದಿದ. ಮತ್ತೆ ಓದಿದ.

ಸುಂದರಾಬಾಯಿ ಆಮೇಲೆ ಆರು ವರ್ಷ ಬದುಕಿದಳು. ಐದು ವರ್ಷ ಚೆನ್ನಾಗಿಯೇ ಇದ್ದಳು. ಇದ್ದಿಲ ಒಲೆಯ ಮುಂದೆ ಕೂರಬಾರದೆಂದು ಪ್ರಾಣೇಶನೇ ಕುಸುರೆಳ್ಳು ಮಾಡಲು ಕಲಿತ. ಮೊದಲ ವರ್ಷ ಪಾಕ ಗಟ್ಟಿಯಾಗಿ ಎಳ್ಳೆಲ್ಲ ಒಂದೇ ಉಂಡೆಯಾಯಿತು. ಅವಳು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, "ಗುಳ್ಳಿ ಇಲ್ಲ, ಬಿರುಕಿಲ್ಲ, ಪಾಸ್," ಎಂದು ಚುಡಾಯಿಸಿದಳು. ಪ್ರತಿ ಸಂಕ್ರಾಂತಿಗೂ ಎಳ್ಳು ತೆಗೆದುಕೊಳ್ಳಲು ಬಂದವರಿಗೆ ಅದೇ ಕಥೆ ಹೇಳುವಳು. ಇವರು ಹಬ್ಬಕ್ಕೆ ನೋಡಿದ್ದು, ಆಗ ಏನೂ ಇರದೇ ಇದ್ದದ್ದು, ಎಳೆಯದಿರುವಾಗಲೇ ಸಿಕ್ಕಿದ್ದು, ಅದಕ್ಕೇ ತಾನು ಉಳಿದದ್ದು. ಕಥೆ ಮುಗಿಯುವಾಗ ಅವನ ಕಡೆ ನೋಡುವಳು. ಅವನು "ಹೂಂ" ಎನ್ನುವನು. ಕೊನೆಯ ವರ್ಷ ಅದು ಮರಳಿ ಬಂದಾಗಲೂ, ಮಾತಾಡಲು ಉಸಿರು ಸಾಲದಾದಾಗಲೂ, ನೋಡಲು ಬಂದ ಶಿವಾನಂದನಿಗೆ ಅರ್ಧ ಕಥೆ ಹೇಳಿ, ಉಳಿದರ್ಧ ನೀವು ಹೇಳಿರಿ ಎಂದು ಗಂಡನಿಗೆ ಕೈಸನ್ನೆ ಮಾಡಿದಳು. ಅವನು ಅವಳು ಹೇಳುವ ಹಾಗೆಯೇ ಹೇಳಿ ಮುಗಿಸಿದ.

ಸಂಕ್ರಾಂತಿಯ ಫಿಲ್ಮಿನಲ್ಲಿ ಅದು ಆಗಲೇ ಇತ್ತು, ತಾನು ಅದನ್ನು ಕಂಡಿದ್ದೆ, ಕಂಡೂ ಪಾಸ್ ಎಂದಿದ್ದೆ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.